‘ಶಿಕ್ಷೆ’ ಬೇಡಿದ ಹುಡುಗಿ: ಒಂದೇ ಪದರೂಪ, ಬೇರೆ ಬೇರೆ ಅರ್ಥ

ಕಲಬುರಗಿ ನಗರಕ್ಕೆ ಹೊಂದಿಕೊಂಡಿರುವ ಕೋಟನೂರದ ಕಡೆಯ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಪಾಠ ಅವಲೋಕಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಏಳನೆಯ ತರಗತಿ, ಕನ್ನಡ ವಿಷಯ, ರಚನಾ ಪಾಠ. ‘ಓದು ಏಕೆ ಬೇಕು?’ ಎಂಬ ವಿಷಯದ ಮೇಲೆ ಐದು ವಾಕ್ಯ ಬರೆದುಕೊಂಡು ಬರಲು ಪ್ರಶಿಕ್ಷಣಾರ್ಥಿ ಹಿಂದಿನ ದಿನ ಹೇಳಿದ್ದರು. ಈಗ ಒಂದೊಂದೇ ನೋಟ್‌ಬುಕ್ ಎತ್ತಿಕೊಂಡು ಗಟ್ಟಿಯಾಗಿ ಓದಿ ತಿದ್ದುತ್ತಿದ್ದರು. ಮೂರನೆಯ ಸಾಲಿನ ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಹೀಗಿತ್ತು: “ಎಲ್ಲ ಮಕ್ಕಳಿಗೂ ಒಳ್ಳೆಯ ಶಿಕ್ಷೆ ಸಿಗಬೇಕು. ಶಿಕ್ಷೆ ಇಲ್ಲದಿದ್ದರೆ ಮುಂದೆ ಬರಲು ಆಗುವುದಿಲ್ಲ. ನಮ್ಮ ತಂದೆಗೆ ಶಿಕ್ಷೆ ಸಿಗಲಿಲ್ಲ. ಅದಕ್ಕೆ ಅವರು ನನಗೆ ಶಿಕ್ಷೆ ಕೊಡಿಸುತ್ತಿದ್ದಾರೆ.”

ತರಗತಿ ಘೊಳ್ಳೆಂದಿತು. “ಇವರಪ್ಪಗ ಜೈಲ್ ಆಗ್ಬೇಕಿತ್ತೇನ್ರಿ ಸರ್?” ಎಂದು ಹಿಂದಿನ ಹುಡುಗ ಕೇಳಿದ. ಪ್ರಶಿಕ್ಷಣಾರ್ಥಿಯೂ ನಕ್ಕು, “ಹಂಗಾದ್ರ ಒಂದು ಬೆತ್ತ ತರಿಸ್ಲೇನವ್ವಾ ನಿನಗ?” ಎಂದರು. ನಾನೂ ನಕ್ಕೆ. ಅಷ್ಟೇ ಅಲ್ಲ, ಅವಲೋಕನ ಪುಸ್ತಕದಲ್ಲಿ ‘ತರಗತಿ ಲವಲವಿಕೆಯಿಂದ ಕೂಡಿತ್ತು’ ಎಂದು ಬರೆದೆ. ಆ ಹುಡುಗಿ ಕುಳಿತಳು. ಗಂಟೆ ಬಾರಿಸುವವರೆಗೆ ತಲೆ ಎತ್ತಲಿಲ್ಲ.

ಹೊರಡುವಾಗ ಅವಳ ಬೆಂಚಿನ ಹತ್ತಿರ ನಿಂತು, “ಮನ್ಯಾಗ ಯಾವ ಮಾತು ಆಡ್ತೀರಿ ತಂಗಿ?” ಎಂದೆ. “ಹಿಂದೀರಿ ಸರ್” ಎಂದಳು. ಅವಳ ತಂದೆ ಕೆಲಸ ಹುಡುಕಿಕೊಂಡು ಉತ್ತರದ ಕಡೆಯಿಂದ ಬಂದವರು. ಮುಂದಿನ ಅವಧಿಗೆ ಅವಳು ತೆಗೆದಿಟ್ಟಿದ್ದ ಹಿಂದಿ ಪುಸ್ತಕ ಕಣ್ಣಿಗೆ ಬಿತ್ತು. ಆಗ ಹೊಳೆಯಿತು: ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ. ಅವಳ ನಾಲ್ಕು ವಾಕ್ಯಗಳನ್ನು ಆ ಅರ್ಥವಿಟ್ಟು ಮತ್ತೆ ಓದಿ. ಓದಲು ಆಗದ ತಂದೆಯೊಬ್ಬ ಮಗಳನ್ನು ಓದಿಸುತ್ತಿರುವ ಕತೆ ಅದು. ಆ ತರಗತಿಯಲ್ಲಿ ಅಂದು ಓದಿದ ಬರಹಗಳಲ್ಲಿ ಅದೇ ಒಳ್ಳೆಯದಾಗಿತ್ತು.

ಆ ದಿನದಿಂದ ಈ ವಿಷಯವನ್ನು ಬೆನ್ನು ಹತ್ತಿದ್ದೇನೆ. ಭಾಷಾ ಬೋಧನೆಗೆ ಇಳಿಯುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೂ ಅವರನ್ನು ತಿದ್ದುವ ನಮ್ಮಂಥವರಿಗೂ ಅದು ಉಪಯೋಗವಾದೀತೆಂದು ಇಲ್ಲಿ ವಿವರಿಸುತ್ತೇನೆ.

ಅವಳು ಅನುಸರಿಸಿದ ನಿಯಮ

ಆ ಹುಡುಗಿ ‘ಶಿಕ್ಷಾ’ ಎಂದು ಬರೆಯಲಿಲ್ಲ, ‘ಶಿಕ್ಷೆ’ ಎಂದು ಬರೆದಳು. ಇದನ್ನು ಗಮನಿಸಬೇಕು. ಸಂಸ್ಕೃತದ ಆಕಾರಾಂತ ಪದಗಳು ಕನ್ನಡಕ್ಕೆ ಬರುವಾಗ ಎಕಾರಾಂತವಾಗುತ್ತವೆಂದು ನಾವೇ ವ್ಯಾಕರಣದಲ್ಲಿ ಕಲಿಸುತ್ತೇವೆ: ಮಾಲಾ–ಮಾಲೆ, ಸೀತಾ–ಸೀತೆ. ಹಿಂದಿ ಮನೆಮಾತಿನ ಮಗುವಿಗೆ ಈ ನಿಯಮವನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಯ ‘ಭಾಷಾ’ ಶಾಲೆಯಲ್ಲಿ ‘ಭಾಷೆ’, ಮನೆಯ ‘ಪರೀಕ್ಷಾ’ ಶಾಲೆಯಲ್ಲಿ ‘ಪರೀಕ್ಷೆ’, ಮನೆಯ ‘ಆಶಾ’ ಇಲ್ಲಿ ‘ಆಸೆ’. ಹತ್ತು ಪದಗಳಲ್ಲಿ ಗೆದ್ದ ನಿಯಮವನ್ನು ಹನ್ನೊಂದನೆಯದಕ್ಕೆ ಹಚ್ಚಿದಳು. ಪದದ ರೂಪ ಸರಿಯಾಗಿಯೇ ಬಂತು. ಅರ್ಥ ಮಾತ್ರ ಜೊತೆಗೆ ಬರಲಿಲ್ಲ.

ಅಂದರೆ ಅವಳ ತಪ್ಪು ಅಜ್ಞಾನದಿಂದ ಹುಟ್ಟಿದ್ದಲ್ಲ, ಸರಿಯಾದ ತರ್ಕದಿಂದ ಹುಟ್ಟಿದ್ದು. ಇದೇ ತರ್ಕದಿಂದ ಇನ್ನೊಂದು ಮಗು ‘ನಾನು ಏಳನೆಯ ಕಕ್ಷೆಯಲ್ಲಿ ಓದುತ್ತೇನೆ’ ಎಂದು ಬರೆಯಬಹುದು. ಹಿಂದಿಯ ‘ಕಕ್ಷಾ’ ತರಗತಿ. ಕನ್ನಡದ ‘ಕಕ್ಷೆ’ ಗ್ರಹಗಳು ಸುತ್ತುವ ದಾರಿ. ನಗು ಬರುವುದು ಸಹಜ. ಆದರೆ ನಕ್ಕು ಮುಂದೆ ಹೋದರೆ ಮಗು ಕಲಿಯುವ ಪಾಠ ಒಂದೇ: ಮನೆಯ ಮಾತನ್ನು ಇಲ್ಲಿಗೆ ತರಬಾರದು.

ಒಂದು ಬೇರು, ಹಲವು ಮನೆ

‘ಶಿಕ್ಷ್’ ಎಂಬ ಸಂಸ್ಕೃತ ಧಾತು ‘ಶಕ್’ ಎಂಬುದರ ಇಚ್ಛಾರ್ಥಕ ರೂಪ. ‘ಶಕ್’ ಎಂದರೆ ಶಕ್ತನಾಗು. ‘ಶಿಕ್ಷ್’ ಎಂದರೆ ಶಕ್ತನಾಗಲು ಬಯಸು, ಕಲಿ. ವೇದಾಂಗಗಳು ಆರು, ಅವುಗಳಲ್ಲಿ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರಕ್ಕೆ ‘ಶಿಕ್ಷಾ’ ಎಂದೇ ಹೆಸರು. ಕಲಿಸುವುದರಿಂದ ತಿದ್ದುವುದು, ತಿದ್ದುವುದರಿಂದ ಶಿಸ್ತಿಗೆ ಒಳಪಡಿಸುವುದು, ಅಲ್ಲಿಂದ ದಂಡಿಸುವುದು: ಅರ್ಥ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಹಿಂದಿ ಮೇಲಿನ ಮೆಟ್ಟಿಲಲ್ಲೇ ನಿಂತಿತು. ಕನ್ನಡ, ಮರಾಠಿ ಎರಡೂ ಆಸ್ತಿಯನ್ನು ಪಾಲು ಮಾಡಿದವು: ಕಲಿಕೆಗೆ ‘ಶಿಕ್ಷಣ’, ದಂಡನೆಗೆ ‘ಶಿಕ್ಷೆ’ (ಮರಾಠಿಯಲ್ಲಿ ‘ಶಿಕ್ಷಾ’).

ಈ ಪಾಲುಗಾರಿಕೆ ಇನ್ನೂ ಪೂರ್ತಿ ಮುಗಿದಿಲ್ಲ. ‘ದುಷ್ಟಶಿಕ್ಷಣ, ಶಿಷ್ಟರಕ್ಷಣ’ ಎನ್ನುವಾಗ ‘ಶಿಕ್ಷಣ’ಕ್ಕೇ ದಂಡನೆಯ ಅರ್ಥ. ‘ಸುಶಿಕ್ಷಿತ’ ಎಂದರೆ ಚೆನ್ನಾಗಿ ಓದಿದವನು, ‘ಶಿಕ್ಷಾರ್ಹ’ ಎಂದರೆ ದಂಡನೆಗೆ ತಕ್ಕವನು. ಒಂದೇ ಬೇರು ಒಂದೇ ಭಾಷೆಯೊಳಗೆ ಎರಡೂ ಕಡೆ ಚಿಗುರಿದೆ. ‘ಶಿಕ್ಷಕ’ ಎಂಬ ನಮ್ಮ ಹೆಸರೂ ಆ ಬೇರಿನದೇ.

ಸರ್ಕಾರದ ಭಾಷಾಂತರಕಾರರಿಗೆ ಈ ಅಪಾಯ ಗೊತ್ತಿತ್ತು. ಹಿಂದಿಯ ‘ಸರ್ವ ಶಿಕ್ಷಾ ಅಭಿಯಾನ್’ ನಮ್ಮ ಶಾಲೆಗಳ ಗೋಡೆಯ ಮೇಲೆ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. 2018ರಲ್ಲಿ ಬಂದ ‘ಸಮಗ್ರ ಶಿಕ್ಷಾ’ ಇಲ್ಲಿ ‘ಸಮಗ್ರ ಶಿಕ್ಷಣ’. ಒಂದು ಇಡೀ ರಾಜ್ಯ ತೆಗೆದುಕೊಂಡ ಎಚ್ಚರವನ್ನು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಉದಾಹರಣೆ ನಮಗೆಲ್ಲ ಹತ್ತಿರದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಹಿಂದಿಯಲ್ಲಿ ‘ಶಿಕ್ಷಾ ಕಾ ಅಧಿಕಾರ್’ ಎನ್ನುತ್ತಾರೆ. ಹಿಂದಿಯಲ್ಲಿ ‘ಅಧಿಕಾರ್’ ಎಂದರೆ ಹಕ್ಕು. ಕನ್ನಡದಲ್ಲಿ ‘ಅಧಿಕಾರ’ ಎಂದರೆ ಆಳುವ ಬಲ. ಕನ್ನಡದ ಕಿವಿಯಿಂದ ಕೇಳಿದರೆ ಈ ಕಾಯ್ದೆಯ ಹೆಸರು ‘ದಂಡಿಸುವ ಅಧಿಕಾರ’ ಎಂದಾಗುತ್ತದೆ! ಕಾಯ್ದೆಯ 17ನೆಯ ಸೆಕ್ಷನ್ ಹೇಳುವುದು ಇದಕ್ಕೆ ಸಂಪೂರ್ಣ ವಿರುದ್ಧ. ಮಗುವಿಗೆ ದೈಹಿಕ ದಂಡನೆ ಕೊಡಬಾರದು, ಮಾನಸಿಕ ಕಿರುಕುಳವನ್ನೂ ಕೊಡಬಾರದು ಎನ್ನುತ್ತದೆ ಅದು. ಅಂದು ನಾವೆಲ್ಲ ಸೇರಿ ನಕ್ಕದ್ದು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲವೆಂದು ನಾನು ಧೈರ್ಯವಾಗಿ ಹೇಳಲಾರೆ.

ಇದೇ ಗುಂಪಿಗೆ ಸೇರುವ, ನಮ್ಮ ಭಾಗದ ತರಗತಿಗಳಲ್ಲಿ ದಿನವೂ ಎದುರಾಗುವ ಇನ್ನು ಕೆಲವು ಪದಗಳನ್ನು ನೋಡೋಣ.

‘ಉಪನ್ಯಾಸ’ ಎಂದರೆ ಸಂಸ್ಕೃತದಲ್ಲಿ ಮುಂದಿಡುವುದು, ಮಂಡಿಸುವುದು. ಕನ್ನಡ, ತೆಲುಗುಗಳಲ್ಲಿ ಅದು ಭಾಷಣವಾಯಿತು. ಹಿಂದಿ, ಬಂಗಾಳಿಗಳಲ್ಲಿ ಕಾದಂಬರಿಯಾಯಿತು. ಪ್ರೇಮಚಂದರನ್ನು ಹಿಂದಿಯವರು ‘ಉಪನ್ಯಾಸ ಸಮ್ರಾಟ್’ ಎನ್ನುತ್ತಾರೆ. ನಮ್ಮ ವಿದ್ಯಾರ್ಥಿ ಅದನ್ನು ಓದಿ ಅವರು ದೊಡ್ಡ ಭಾಷಣಕಾರರು ಎಂದುಕೊಂಡರೆ ತಪ್ಪು ಅವನದಲ್ಲ. ಇತ್ತ ಕನ್ನಡದ, ಮರಾಠಿಯ ‘ಕಾದಂಬರಿ’ ಏಳನೆಯ ಶತಮಾನದ ಬಾಣನ ಗದ್ಯಕೃತಿಯ ಹೆಸರು. ಒಂದು ಕೃತಿಯ ಹೆಸರೇ ಇಡೀ ಪ್ರಕಾರದ ಹೆಸರಾಗಿದೆ.

‘ಅವಕಾಶ’ದ ಮೂಲಾರ್ಥ ಎಡೆ, ತೆರಪು. ಕೆಲಸ ಮಾಡಲು ಸಿಕ್ಕ ತೆರಪು ಕನ್ನಡ, ತೆಲುಗುಗಳ ‘ಅವಕಾಶ’. ಕೆಲಸದಿಂದ ಸಿಕ್ಕ ತೆರಪು ಹಿಂದಿಯ ‘ಅವಕಾಶ್’, ಅಂದರೆ ರಜೆ. ಮರಾಠಿಯಲ್ಲಿ ಅದು ಕಾಲದ ತೆರಪೂ ಹೌದು, ಆಕಾಶದಾಚೆಯ ಬಯಲೂ ಹೌದು. ‘ನನಗೆ ಅವಕಾಶ ಬೇಕು’ ಎನ್ನುವ ಕನ್ನಡದ ಮಗು ವೇದಿಕೆ ಹತ್ತಲು ಬಯಸುತ್ತದೆ. ‘ಮುಝೇ ಅವಕಾಶ್ ಚಾಹಿಯೇ’ ಎನ್ನುವ ಮಗು ಮನೆಗೆ ಹೋಗಲು ಬಯಸುತ್ತದೆ.

‘ಸಂಸಾರ’ ಹಿಂದಿಯಲ್ಲಿ ಜಗತ್ತು, ಕನ್ನಡ ಮರಾಠಿಗಳಲ್ಲಿ ಮನೆವಾರ್ತೆ. ‘ಪ್ರಪಂಚ’ ಕನ್ನಡದಲ್ಲಿ ಜಗತ್ತು, ಮರಾಠಿಯಲ್ಲಿ ಮನೆವಾರ್ತೆ, ಹಿಂದಿಯಲ್ಲಿ ಕಪಟ ಅಥವಾ ಗೊಂದಲ. ‘ರಾಗ’ಕ್ಕೆ ಸಂಸ್ಕೃತದಲ್ಲಿ ಬಣ್ಣ, ಕೆಂಪು, ಮನಸ್ಸಿನ ಆಸಕ್ತಿ ಎಂಬ ಅರ್ಥಗಳಿವೆ. ನಾವು ಅದರಿಂದ ಸಂಗೀತವನ್ನೂ ಅನುರಾಗವನ್ನೂ ಪಡೆದೆವು. ಮರಾಠಿಯವರು ಅದರ ಜೊತೆಗೆ ಸಿಟ್ಟನ್ನೂ ಪಡೆದರು. ಆಳಂದದ ಕಡೆಯ ಮರಾಠಿ ಮಗು ‘ಸರಾನಾ ರಾಗ್ ಆಲಾ’ ಎಂದರೆ ಮೇಷ್ಟ್ರು ಹಾಡಿದರೆಂದಲ್ಲ, ಸಿಟ್ಟಾದರೆಂದು.

ನಮ್ಮ ವೃತ್ತಿಯ ಮುಖ್ಯ ಪದವಾದ ‘ಅಭ್ಯಾಸ’ವೂ ಹಾಗೆಯೇ. ಹಿಂದಿಯಲ್ಲಿ ಅದು ಮರಳಿ ಮರಳಿ ಮಾಡುವ ರೂಢಿ, ಮರಾಠಿಯಲ್ಲಿ ಓದು. ನಮ್ಮ ಕಡೆ ಎರಡೂ ಸಲ್ಲುತ್ತವೆ: ‘ಅಭ್ಯಾಸ ಮಾಡ್ಯಾನೇನು?’ ಎಂದರೆ ಓದಿದ್ದಾನೆಯೇ ಎಂದು; ‘ಚಹಾದ ಅಭ್ಯಾಸ’ ಎಂದರೆ ಚಟ.

ದೂರದ ನೆರೆಹೊರೆ

ಇದು ನಮ್ಮ ದೇಶದ ವಿಚಿತ್ರವೇನಲ್ಲ. ಯುರೋಪಿನ ಭಾಷೆಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ 1928ರಲ್ಲೇ ಕೋಸ್ಲರ್ ಮತ್ತು ದೆರೊಕಿನ್ಯಿ ಎಂಬ ಇಬ್ಬರು ಫ್ರೆಂಚ್‌ನಲ್ಲಿ ಇಂಥ ಪದಗಳ ಮೇಲೆ ಒಂದು ಪುಸ್ತಕ ತಂದು, ಅವುಗಳಿಗೆ ‘ಸುಳ್ಳು ಗೆಳೆಯರು’ ಎಂಬ ಹೆಸರಿಟ್ಟರು. ಪ್ರಸಿದ್ಧ ಉದಾಹರಣೆ ‘ಗಿಫ್ಟ್’. ಇಂಗ್ಲಿಷಿನಲ್ಲಿ ಕಾಣಿಕೆ, ಜರ್ಮನ್‌ನಲ್ಲಿ ವಿಷ, ಸ್ವೀಡಿಷ್‌ನಲ್ಲಿ ವಿಷವೂ ಹೌದು, ‘ಮದುವೆಯಾದ’ ಎಂಬುದೂ ಹೌದು. ಎಲ್ಲದರ ಬೇರು ‘ಕೊಡು’ ಎಂಬುದೇ. ಪ್ರೀತಿಯಿಂದ ಕೊಟ್ಟದ್ದು ಕಾಣಿಕೆ, ಔಷಧಿಯ ಪ್ರಮಾಣವಾಗಿ ಕೊಟ್ಟದ್ದು ಮುಂದೆ ವಿಷ, ಕನ್ಯೆಯನ್ನು ಧಾರೆಯೆರೆದು ಕೊಟ್ಟದ್ದು ಮದುವೆ. ಇದು ವಿಚಿತ್ರವೆನಿಸಿದರೆ ನಮ್ಮ ‘ಮದ್ದು’ ಪದವನ್ನು ನೆನೆಯಿರಿ. ವೈದ್ಯರು ಕೊಟ್ಟರೆ ಔಷಧಿ, ಬಂದೂಕಿಗೆ ತುಂಬಿದರೆ ಸಿಡಿಯುವ ಪುಡಿ. ‘ಅವಂಗ ಯಾರೋ ಮದ್ದು ಹಾಕ್ಯಾರ’ ಎಂದರೆ ಕೇಡು. ಇದರ ಸೋದರ ಪದವಾದ ತೆಲುಗಿನ ‘ಮಂದು’ ಮಾತ್ರೆಗೂ ಆಗುತ್ತದೆ, ಹೆಂಡಕ್ಕೂ ಆಗುತ್ತದೆ.

ಎಲ್ಲ ಹೋಲಿಕೆಯೂ ಹೀಗೆ ಒಂದೇ ಬೇರಿನದಲ್ಲ. ‘ಬುರ್ರೊ’ ಎಂದರೆ ಇಟಾಲಿಯನ್‌ನಲ್ಲಿ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ಎರಡೂ ಲ್ಯಾಟಿನ್ನಿನ ಮಕ್ಕಳಾದ ಭಾಷೆಗಳೇ. ಆದರೆ ಈ ಎರಡು ಪದಗಳ ಮೂಲ ಬೇರೆ. ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಇಂಥವೂ ನಮ್ಮಲ್ಲಿ ಸಾಕಷ್ಟಿವೆ.

ಬೇರೆ ಬೇರು, ಒಂದೇ ರೂಪ

ಕಲಬುರಗಿಯ ಕನ್ನಡದಲ್ಲಿ ಶಾಲೆ ‘ಸಾಲಿ’. ಬ್ಯಾಂಕಿನಲ್ಲಿ ತರುವುದು ‘ಸಾಲ’. ಮಕ್ಕಳು ನಿಲ್ಲುವುದು ‘ಸಾಲು’. ‘ಈ ಸಾಲಿನ ಫಲಿತಾಂಶ’ ಎನ್ನುವಾಗ ಬರುವುದು ಪಾರಸಿಯಿಂದ ಉರ್ದುವಿಗೆ, ಅಲ್ಲಿಂದ ಕನ್ನಡಕ್ಕೆ ಬಂದ ‘ಸಾಲ್’, ಅಂದರೆ ವರ್ಷ. ಹಿಂದಿ ಮನೆಯ ಮಗುವಿಗೆ ‘ಸಾಲೀ’ ಎಂದರೆ ಹೆಂಡತಿಯ ತಂಗಿ; ಬೈಗುಳವೂ ಹೌದು. ‘ಸಾಲಿಗಿ ನಡಿ’ ಎಂದು ಮೊದಲ ದಿನ ಕೇಳಿದ ಆ ಮಗು ಏನೆಂದುಕೊಂಡೀತು?

ಮರಾಠಿಯಲ್ಲಿ ‘ಕೇಳೀ’ ಎಂದರೆ ಬಾಳೆಹಣ್ಣುಗಳು. ಕಮಲಾಪುರದ ಕೆಂಪು ಬಾಳೆ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಅದನ್ನು ನೆನಪಿಸಲೆಂದು ನಾವು ತರಗತಿಯಲ್ಲಿ ‘ಎಲ್ಲರೂ ಕೇಳಿ’ ಎನ್ನುವುದಿಲ್ಲ! ಮರಾಠಿ ಮಗು ‘ಪಾಠ್ ದುಖತೇ’ ಎಂದರೆ ಪಾಠ ಕಠಿಣವಾಯಿತೆಂದು ತಿಳಿಯಬೇಡಿ. ಬೆನ್ನು ನೋಯುತ್ತಿದೆ ಎನ್ನುತ್ತಿದೆ. ಆ ‘ಪಾಠ್’ ಸಂಸ್ಕೃತದ ‘ಪೃಷ್ಠ’ದಿಂದ ಬಂದದ್ದು.

ಉರ್ದುವಿನ ಪ್ರಭಾವಕ್ಕೆ ಇತಿಹಾಸದ ಕಾರಣವಿದೆ. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. ಆಗ ಬಂದ ಪದಗಳು ನಮ್ಮಲ್ಲಿ ಅರ್ಥ ಕಿರಿದಾಗಿಸಿಕೊಂಡಿವೆ. ನಮ್ಮ ‘ತಾರೀಖು’ ಬರೀ ದಿನಾಂಕ. ಉರ್ದು ಶಾಲೆಯ ವೇಳಾಪಟ್ಟಿಯಲ್ಲಿ ‘ತಾರೀಖ್’ ಎಂದಿದ್ದರೆ ಅದು ಇತಿಹಾಸದ ಅವಧಿ. ನಮ್ಮ ‘ಜಮೀನು’ ಹೊಲ. ಉರ್ದುವಿನ ‘ಜಮೀನ್’ ಇಡೀ ಭೂಮಿ.

ತೆಲುಗಿನ ಕಡೆ ತಿರುಗಿದರೆ ಇನ್ನೊಂದು ಬಗೆ ಕಾಣುತ್ತದೆ. ಸೇಡಂ, ಚಿಂಚೋಳಿ ಕಡೆಯ ತೆಲುಗು ಮಗುವಿಗೆ ‘ಪಾಲು’ ಎಂದರೆ ಮೊದಲು ಹೊಳೆಯುವುದು ಹಾಲು. ನಮಗೆ ಪಾಲು ಎಂದರೆ ಭಾಗ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತು: ಪುಲಿ–ಹುಲಿ, ಪೂ–ಹೂ, ಪಾವು–ಹಾವು, ಪಾಲ್–ಹಾಲು. ತೆಲುಗಿನಲ್ಲಿ ಇಂದಿಗೂ ಪುಲಿ, ಪುವ್ವು, ಪಾಮು, ಪಾಲು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇದೇ ಸೇಡಂ ತಾಲೂಕಿನಲ್ಲಿದೆ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ದ ಕಾಲದಲ್ಲಿ ಕನ್ನಡಿಗರೂ ‘ಪಾಲ್’ ಎಂದೇ ಕುಡಿಯುತ್ತಿದ್ದರು. ಆ ಮಗುವಿನ ಬಾಯಲ್ಲಿರುವುದು ನಮ್ಮದೇ ಹಳೆಯ ರೂಪದ ನೆಂಟ. ನೆಂಟಸ್ತಿಕೆಯ ಪದಗಳಲ್ಲೂ ಹೀಗಾಗುತ್ತದೆ. ನಮ್ಮ ‘ಅವ್ವ’ ತಾಯಿ, ತೆಲುಗಿನ ‘ಅವ್ವ’ ಅಜ್ಜಿ. ‘ನಾಳಿ ನಿಮ್ಮವ್ವಗ ಕರ್ಕೊಂಡ್ ಬಾ’ ಎಂದರೆ ತೆಲುಗು ಮನೆಯ ಮಗು ಅಜ್ಜಿಯ ಕೈ ಹಿಡಿದು ತಂದೀತು.

ಯಾವುದು ಒಂದೇ ಬೇರು, ಯಾವುದು ಆಕಸ್ಮಿಕ ಎಂದು ಅವಸರದಲ್ಲಿ ತೀರ್ಮಾನಿಸಬಾರದು. ಕನ್ನಡದ ‘ಬಾಲ’ಕ್ಕೂ ಹಿಂದಿಯ ಕೂದಲೆಂಬ ‘ಬಾಲ್’ಗೂ ಸಂಬಂಧವೇ ಇಲ್ಲವೆಂದು ತೋರುತ್ತದೆ. ಆದರೆ ಸಂಸ್ಕೃತದ ‘ವಾಲ’ಕ್ಕೆ ಕೂದಲು, ಬಾಲ ಎಂಬ ಎರಡೂ ಅರ್ಥಗಳಿವೆ. ಅನುಮಾನವಿದ್ದಲ್ಲಿ ಕಿಟೆಲ್ಲರ 1894ರ ನಿಘಂಟನ್ನೋ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳನ್ನೋ ತೆರೆಯಿರಿ. ‘ಅನುಮಾನ’ ಎಂದೆನಲ್ಲ, ಅದೂ ಇದೇ ಜಾತಿಯದು: ನಮಗೆ ಸಂಶಯ, ಹಿಂದಿಯಲ್ಲಿ ಅಂದಾಜು.

ತರಗತಿಯಲ್ಲಿ ಏನು ಮಾಡಬೇಕು?

ಮೊದಲನೆಯದು ತಿದ್ದುವ ಕ್ರಮ. ಮಗುವಿನ ವಾಕ್ಯದಲ್ಲಿ ಒಂದು ಪದ ಅಸಂಬದ್ಧವಾಗಿ ಕಂಡರೆ ಆ ಪದವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಉಳಿದ ವಾಕ್ಯ ಗಟ್ಟಿಯಾಗಿದ್ದು, ಒಂದೇ ಪದ ಪ್ರತಿ ಬಾರಿಯೂ ಅದೇ ಜಾಗದಲ್ಲಿ ತಪ್ಪುತ್ತಿದ್ದರೆ ಮಗು ಬೇರೊಂದು ಭಾಷೆಯ ಅರ್ಥವನ್ನು ಹೇಳುತ್ತಿದೆ ಎಂದು ತಿಳಿಯಿರಿ. ಆ ಹುಡುಗಿಯ ವಾಕ್ಯಗಳಲ್ಲಿ ಕ್ರಿಯಾಪದ, ವಿಭಕ್ತಿ, ಕಾಗುಣಿತ ಯಾವುದೂ ತಪ್ಪಿರಲಿಲ್ಲ. ನಾನು ಅದನ್ನು ನೋಡಲೇ ಇಲ್ಲ.

ಎರಡನೆಯದು ಕೇಳುವ ಕ್ರಮ. ಕೆಂಪು ಗೆರೆ ಎಳೆಯುವ ಮೊದಲು, ಮಗುವಿನ ಹತ್ತಿರ ಹೋಗಿ ಮೆಲ್ಲನೆ ‘ಇದಕ್ಕ ನಿಮ್ಮನ್ಯಾಗ ಏನಂತಾರ?’ ಎಂದು ಕೇಳಿ. ಅರ್ಧ ನಿಮಿಷ ಸಾಕು. ತಪ್ಪಿರುವ ನೋಟ್‌ಬುಕ್ಕನ್ನು ತರಗತಿಗೆ ಗಟ್ಟಿಯಾಗಿ ಓದುವುದನ್ನು ಮಾತ್ರ ಬಿಟ್ಟುಬಿಡಿ.

ಮೂರನೆಯದು ಒಂದು ನಲವತ್ತು ನಿಮಿಷದ ಪಾಠ. ಕರಿಹಲಗೆಯ ಮೇಲೆ ‘ಪದ, ಕನ್ನಡ, ಹಿಂದಿ, ಮರಾಠಿ, ತೆಲುಗು, ಉರ್ದು, ಲಂಬಾಣಿ’ ಎಂದು ಅಂಕಣಗಳನ್ನು ಎಳೆಯಿರಿ. ಮೊದಲ ಅಂಕಣದಲ್ಲಿ ಐದೇ ಪದ ಸಾಕು: ಶಿಕ್ಷೆ, ಅವಕಾಶ, ಉಪನ್ಯಾಸ, ಪಾಲು, ರಾಗ. ಉಳಿದ ಅಂಕಣಗಳನ್ನು ಗುಂಪುಗಳಲ್ಲಿ ಮಕ್ಕಳೇ ತುಂಬಲಿ. ತಿಳಿಯದ ಮನೆ ಖಾಲಿ ಉಳಿಯಲಿ, ಮರುದಿನ ಮನೆಯಲ್ಲಿ ಕೇಳಿಕೊಂಡು ಬರಲಿ. ಪದಕ್ಕೆ ಪದ ಬರೆಸಿ ನಿಲ್ಲಿಸದೆ ಪ್ರತಿ ಅರ್ಥಕ್ಕೂ ಒಂದು ವಾಕ್ಯ ಮಾಡಿಸಿ. ಅರ್ಥ ನೆನಪಿನಲ್ಲಿ ನಿಲ್ಲುವುದು ವಾಕ್ಯದಲ್ಲಿ. ಮೌಲ್ಯಮಾಪನಕ್ಕೆ ‘ನನಗೆ ಅವಕಾಶ ಬೇಕು’, ‘ಮುಝೇ ಅವಕಾಶ್ ಚಾಹಿಯೇ’ ಎಂಬ ಎರಡನ್ನೂ ಕೊಟ್ಟು, ಯಾರಿಗೆ ಏನು ಬೇಕಾಗಿದೆ ಎಂದು ಕೇಳಿ.

ಒಂದು ಎಚ್ಚರ: ತಾಂಡಾದ ಮಗುವನ್ನೋ ಹೊರಗಿನಿಂದ ಬಂದ ಮಗುವನ್ನೋ ಎಬ್ಬಿಸಿ ನಿಲ್ಲಿಸಿ ‘ನಿಮ್ಮ ಭಾಷ್ಯಾಗ ಹೇಳು’ ಎಂದು ಪ್ರದರ್ಶನಕ್ಕೆ ಇಡಬೇಡಿ. ಪ್ರಶ್ನೆ ಇಡೀ ತರಗತಿಗೆ ಇರಲಿ. ಹೇಳಬೇಕೆನಿಸಿದವರು ಹೇಳಲಿ.

ನಾಲ್ಕನೆಯದು ಸಹೋದ್ಯೋಗಿಗಳೊಂದಿಗಿನ ಮಾತು. 6ನೆಯ ತರಗತಿಯಿಂದ ನಮ್ಮ ಮಕ್ಕಳು ಹಿಂದಿಯನ್ನೂ ಓದುತ್ತಾರೆ. ಕನ್ನಡ ಮನೆಯ ಮಗುವೂ ಹಿಂದಿಯ ಉತ್ತರಪತ್ರಿಕೆಯಲ್ಲಿ ಇದೇ ಗುಂಡಿಗೆ ಆಚೆ ಕಡೆಯಿಂದ ಬೀಳುತ್ತದೆ. ಕನ್ನಡ, ಹಿಂದಿ ಶಿಕ್ಷಕರಿಬ್ಬರೂ ಸೇರಿ ಇಂಥ ಇಪ್ಪತ್ತು ಪದಗಳ ಪಟ್ಟಿಯನ್ನು ಗೋಡೆಗೆ ಹಚ್ಚಿದರೆ ಎರಡೂ ಪಾಠಕ್ಕೆ ಲಾಭ.

ಮುಂದಿನ ವಾರ

ಅಂದು ಸಂಜೆ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಮಾತಾಡಿದೆ. “ನಂಗ ಗೊತ್ತೇ ಇರ್ಲಿಲ್ರಿ ಸರ್” ಎಂದರು. “ನಂಗ ಗೊತ್ತಿತ್ತು. ಆದ್ರೂ ನಕ್ಕೆ” ಎಂದೆ. ಮುಂದಿನ ವಾರ ಅವರು ಮೇಲೆ ಹೇಳಿದ ಪಾಠವನ್ನು ಮಾಡಿದರು. ಪೀಠಿಕೆಗೆ ಕತೆಯನ್ನೇನೂ ಹೇಳಲಿಲ್ಲ. “ಹೋದ ವಾರ ನಾನು ಒಂದು ಪದ ತಿಳೀದೆ ನಕ್ಕಿದ್ದೆ. ಅದು ನನ್ನ ತಪ್ಪು. ಇವತ್ತು ಆ ಪದ ಕಲಿಯೋಣು” ಎಂದು ಕರಿಹಲಗೆಯ ಮೇಲೆ ‘ಶಿಕ್ಷೆ’ ಎಂದು ಬರೆದರು. ಹುಡುಗಿಯ ಕಡೆ ನೋಡಲಿಲ್ಲ, ಅವಳ ಹೆಸರು ಹಿಡಿಯಲಿಲ್ಲ.

ಅವಳು ಕೈ ಎತ್ತಲಿಲ್ಲ. ‘ಅವಕಾಶ’ ಬಂದಾಗ ಮಾತ್ರ ಕುಳಿತಲ್ಲಿಂದಲೇ, ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ, “ಛುಟ್ಟೀರಿ” ಎಂದಳು. ಪ್ರಶಿಕ್ಷಣಾರ್ಥಿ ಅದನ್ನು ಹಿಂದಿಯ ಅಂಕಣದಲ್ಲಿ ಬರೆದುಕೊಂಡು ಮುಂದಿನ ಪದಕ್ಕೆ ಹೋದರು.

ಅವಲೋಕನ ಪುಸ್ತಕದ ಹಳೆಯ ಪುಟಕ್ಕೆ ಹೋಗಿ ‘ತರಗತಿ ಲವಲವಿಕೆಯಿಂದ ಕೂಡಿತ್ತು’ ಎಂಬುದನ್ನು ಹೊಡೆದುಹಾಕಿದೆ. ಅದರ ಕೆಳಗೆ ಬರೆದೆ: ‘ಈ ಪಾಠದಲ್ಲಿ ಒಬ್ಬ ವಿದ್ಯಾರ್ಥಿನಿಯ ಸರಿಯಾದ ತರ್ಕವನ್ನು ಬೋಧಿಸಿದವರೂ ಅವಲೋಕಿಸಿದವರೂ ಗುರುತಿಸಲಿಲ್ಲ.’ ಕೆಳಗೆ ನನ್ನ ಸಹಿ ಹಾಕಿದ್ದೇನೆ.